ವಿಜ್ಞಾನ ಪಾಠಕ್ಕೆ ಯಾವ ಬೋಧನಾ ವಿಧಾನ? ಹತ್ತನೇ ತರಗತಿಯ ‘ವಿದ್ಯುಚ್ಛಕ್ತಿ’ ಅಧ್ಯಾಯವನ್ನು ಮುಂದಿಟ್ಟುಕೊಂಡು

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಹತ್ತನೇ ತರಗತಿಯಲ್ಲಿ 48 ಮಕ್ಕಳಿದ್ದಾರೆ, ಕನ್ನಡ ಮಾಧ್ಯಮ, ಪೀರಿಯಡ್ 40 ನಿಮಿಷ. ಲ್ಯಾಬಿನಲ್ಲಿ ಸರಿಯಾಗಿರುವ ಅಮ್ಮೀಟರ್ ನಾಲ್ಕು, ವೋಲ್ಟ್‌ಮೀಟರ್ ನಾಲ್ಕು. ತರಬೇತಿಗೆ ಹೋದರೆ 5ಇ ಎಂಬ ಐದು ಹಂತಗಳ ಮಾದರಿಯಲ್ಲೇ ಪಾಠ ಮಾಡಿ ಅನ್ನುತ್ತಾರೆ. ಶಾಲೆಯಲ್ಲಿ ಹಿರಿಯರು, ಬೋರ್ಡಿನ ಮೇಲೆ ಚೆನ್ನಾಗಿ ವಿವರಿಸಿ ನೋಟ್ಸ್ ಕೊಡಿ, ಎಸ್ಸೆಸ್ಸೆಲ್ಸಿಗೆ ಅಷ್ಟು ಸಾಕು ಅನ್ನುತ್ತಾರೆ. ವಿವರಣೆ, ಪ್ರಾತ್ಯಕ್ಷಿಕೆ, ಗುಂಪು ಪ್ರಯೋಗ, ಅನ್ವೇಷಣೆ, ವಿಡಿಯೊ ಇವುಗಳಲ್ಲಿ ನಿಜವಾಗಿ ಫಲ ಕೊಡುವುದು ಯಾವುದು? ‘ವಿದ್ಯುಚ್ಛಕ್ತಿ’ ಅಧ್ಯಾಯವನ್ನು ಹೇಗೆ ತೆಗೆದುಕೊಳ್ಳಲಿ?

ಉತ್ತರ: ಇಡೀ ಅಧ್ಯಾಯಕ್ಕೆ ಒಂದೇ ವಿಧಾನ ಆರಿಸಿಕೊಳ್ಳಲು ಹೊರಟರೆ ಯಾವುದನ್ನು ಆರಿಸಿದರೂ ಅರ್ಧ ಪಾಠ ಕೆಡುತ್ತದೆ. ಅಧ್ಯಾಯವನ್ನು ಅಂಶಗಳಾಗಿ ಬಿಡಿಸಿ, ಒಂದೊಂದು ಅಂಶಕ್ಕೂ ಮೂರು ಪ್ರಶ್ನೆ ಹಾಕಿಕೊಳ್ಳಿ. ಇದನ್ನು ಮಗು ನೋಡಿ, ಯೋಚಿಸಿ ತಾನೇ ಕಂಡುಕೊಳ್ಳಲು ಸಾಧ್ಯವೇ, ಅಥವಾ ಇದು ಯಾರೋ ಗೊತ್ತುಮಾಡಿದ ಒಪ್ಪಂದವೇ? ಇದರ ಬಗ್ಗೆ ಮಗುವಿನ ತಲೆಯಲ್ಲಿ ಈಗಾಗಲೇ ಒಂದು ತಪ್ಪು ಕಲ್ಪನೆ ಕೂತಿದೆಯೇ? ಇದು ಕೈಯಿಂದ ಮಾಡಿದರೆ ಮಾತ್ರ ಬರುವ ಕೆಲಸವೇ? ವಿಧಾನವನ್ನು ಈ ಉತ್ತರಗಳೇ ತೀರ್ಮಾನಿಸುತ್ತವೆ. ಒಪ್ಪಂದವಾದರೆ ನೇರವಾಗಿ ಹೇಳಿಬಿಡಿ. ತಪ್ಪು ಕಲ್ಪನೆ ಇದ್ದರೆ ಮೊದಲು ಊಹೆ ಬರೆಸಿ, ಆಮೇಲೆ ತೋರಿಸಿ. ಕೈಕೆಲಸವಾದರೆ ಕೈಗೇ ಕೊಡಿ.

ಸಂಶೋಧನೆಗಳೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತವೆ, ಆದರೆ ಅವನ್ನು ಬಿಡಿಬಿಡಿಯಾಗಿ ಓದಿದವರು ಒಂದೊಂದು ಪಕ್ಷ ಕಟ್ಟಿಕೊಳ್ಳುತ್ತಾರೆ. 1998ರಲ್ಲಿ ಅಮೆರಿಕದ ರಿಚರ್ಡ್ ಹೇಕ್ ಅವರು ಪ್ರೌಢಶಾಲೆಯಿಂದ ವಿಶ್ವವಿದ್ಯಾಲಯದವರೆಗಿನ 62 ಭೌತವಿಜ್ಞಾನ ಕೋರ್ಸುಗಳ ಆರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಫಲಿತಾಂಶ ಒಟ್ಟುಗೂಡಿಸಿದರು. ಬರೀ ವಿವರಣೆ ಕೇಳಿದ ತರಗತಿಗಳಲ್ಲಿ, ಪಾಠಕ್ಕೆ ಮುಂಚೆ ಗೊತ್ತಿಲ್ಲದಿದ್ದುದರ ಸರಾಸರಿ 23 ಶೇಕಡದಷ್ಟನ್ನು ಮಾತ್ರ ಮಕ್ಕಳು ಕಲಿತಿದ್ದರು. ಯೋಚಿಸಿ, ಚರ್ಚಿಸಿ, ಸರಿಯೋ ತಪ್ಪೋ ಎಂದು ಆಗಿಂದಾಗಲೇ ತಿಳಿದುಕೊಳ್ಳುತ್ತಿದ್ದ ತರಗತಿಗಳಲ್ಲಿ ಅದು 48 ಶೇಕಡ. ಇನ್ನೊಂದು ಕಡೆ, 2004ರಲ್ಲಿ ಕ್ಲಾರ್ ಮತ್ತು ನಿಗಮ್ ಅವರು ಮೂರು ಮತ್ತು ನಾಲ್ಕನೇ ತರಗತಿಯ ಮಕ್ಕಳಿಗೆ ಇಳಿಜಾರು ಹಲಗೆ, ಚೆಂಡುಗಳನ್ನು ಕೊಟ್ಟು, ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಾಯಿಸಿ ಪರೀಕ್ಷಿಸುವ ಕ್ರಮ ಕಲಿಸಲು ನೋಡಿದರು. ಉದಾಹರಣೆಗಳೊಂದಿಗೆ ನೇರವಾಗಿ ಹೇಳಿಕೊಟ್ಟ ಗುಂಪಿನಲ್ಲಿ 77 ಶೇಕಡ ಮಕ್ಕಳು ಅದನ್ನು ಕರಗತ ಮಾಡಿಕೊಂಡರು. ತಾವೇ ಕಂಡುಕೊಳ್ಳಲಿ ಎಂದು ಬಿಟ್ಟ ಗುಂಪಿನಲ್ಲಿ 23 ಶೇಕಡ ಮಾತ್ರ. ಇವೆರಡೂ ಒಂದಕ್ಕೊಂದು ವಿರುದ್ಧ ಎಂದು ಕಾಣುತ್ತದೆ, ಆದರೆ ಅಲ್ಲ. ಮಗುವಿನ ಯೋಚನೆಯನ್ನು ಯಾರೂ ಹಿಡಿದು ನಡೆಸದಿದ್ದ ಕಡೆ ಎರಡರಲ್ಲೂ ಕಲಿಕೆ ಸೋತಿದೆ. ಸುಮ್ಮನೆ ಕೂತು ಕೇಳುವ ಮಗುವಿನ ಯೋಚನೆ ಎಲ್ಲಿದೆ ಎಂದು ಶಿಕ್ಷಕರಿಗೆ ಗೊತ್ತಿರುವುದಿಲ್ಲ. ಸಾಮಾನು ಕೈಗಿತ್ತು ಬಿಟ್ಟ ಮಗುವಿನದೂ ಅಷ್ಟೇ.

ಈಗ ನಿಮ್ಮ ಅಧ್ಯಾಯಕ್ಕೆ ಬರೋಣ.

ನೇರವಾಗಿ ಹೇಳಬೇಕಾದದ್ದು ಇದರಲ್ಲಿ ಸಾಕಷ್ಟಿದೆ. ಮಂಡಲದ (ಸರ್ಕ್ಯೂಟ್) ಚಿಹ್ನೆಗಳು, ಕೂಲಮ್, ಆಂಪಿಯರ್, ವೋಲ್ಟ್ ಎಂಬ ಮಾನಗಳು, ಪ್ರವಾಹದ ದಿಕ್ಕನ್ನು ಧನಾಗ್ರದಿಂದ ಋಣಾಗ್ರದ ಕಡೆಗೆ ಎಂದು ಗುರುತಿಸುವ ರೂಢಿ, ಅಮ್ಮೀಟರ್ ಸರಣಿಯಲ್ಲಿ (ಒಂದೇ ದಾರಿಯಲ್ಲಿ ಒಂದರ ಹಿಂದೆ ಒಂದು), ವೋಲ್ಟ್‌ಮೀಟರ್ ಸಮಾಂತರದಲ್ಲಿ (ಬೇರೆ ಕವಲಾಗಿ) ಎಂಬ ನಿಯಮ. ಇವನ್ನು ಯಾವ ಚಟುವಟಿಕೆಯಿಂದಲೂ ಮಕ್ಕಳು ‘ಕಂಡುಹಿಡಿಯಲು’ ಆಗದು. ಚಿಹ್ನೆಗಳಿಗಾಗಿ ಗುಂಪು ಚಟುವಟಿಕೆ ಮಾಡಿಸಿ 25 ನಿಮಿಷ ಕಳೆಯುವುದು ಪ್ರಯೋಗಕ್ಕೆ ಸಿಗಬೇಕಿದ್ದ ಸಮಯವನ್ನು ಕಿತ್ತುಕೊಂಡಂತೆ. ಹತ್ತು ನಿಮಿಷ ವಿವರಿಸಿ, ಐದು ನಿಮಿಷ ಮಕ್ಕಳಿಂದಲೇ ನಾಲ್ಕು ಮಂಡಲಗಳ ಚಿತ್ರ ಬಿಡಿಸಿ, ಮುಂದೆ ಹೋಗಿ.

ಲೆಕ್ಕಗಳೂ ಇದೇ ಗುಂಪಿಗೆ ಸೇರುತ್ತವೆ. ಆದರೆ ‘ನಾನು ಬೋರ್ಡಿನ ಮೇಲೆ ಮೂರು ಮಾಡುತ್ತೇನೆ, ನೀವು ಮನೆಯಲ್ಲಿ ಹತ್ತು ಮಾಡಿ’ ಎಂಬ ಕ್ರಮ ಕೆಲಸ ಮಾಡುವುದಿಲ್ಲ. ಬಿಡಿಸಿದ ಲೆಕ್ಕ ಒಂದು, ಕೂಡಲೇ ಅದೇ ಜಾತಿಯ ಬಿಡಿಸದ ಲೆಕ್ಕ ಒಂದು, ಹೀಗೆ ಜೋಡಿಯಾಗಿ ಕೊಡಿ. ಎರಡನೇ ಜೋಡಿಯಲ್ಲಿ ಬಿಡಿಸಿದ ಲೆಕ್ಕದ ಕೊನೆಯ ಹೆಜ್ಜೆಯನ್ನು ಖಾಲಿ ಬಿಡಿ, ಮೂರನೆಯದರಲ್ಲಿ ಕೊನೆಯ ಎರಡು ಹೆಜ್ಜೆಗಳನ್ನು. 4 ಓಮ್ ಮತ್ತು 12 ಓಮ್ ರೋಧಕಗಳು ಸಮಾಂತರದಲ್ಲಿದ್ದಾಗ ಒಟ್ಟು ರೋಧ (ಪ್ರವಾಹಕ್ಕೆ ಒಡ್ಡುವ ಅಡ್ಡಿ) ಎಷ್ಟು ಎಂದು ಕೇಳಿದರೆ, ಕಾಲು ಮತ್ತು ಹನ್ನೆರಡನೇ ಒಂದು ಕೂಡಿಸಿ ಮೂರನೇ ಒಂದು ಎಂದು ಬರೆದು ನಿಲ್ಲಿಸುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಅದನ್ನು ತಲೆಕೆಳಗು ಮಾಡಿದರೆ ಬರುವ 3 ಓಮ್ ಅವರ ಕೈತಪ್ಪುತ್ತದೆ. ‘ತಲೆಕೆಳಗು ಮಾಡುವುದನ್ನು ಮರೀಬೇಡಿ’ ಎಂದು ನೂರು ಸಲ ಹೇಳಿದರೂ ಇದು ನಿಲ್ಲುವುದಿಲ್ಲ. ಬದಲಿಗೆ ಒಂದು ತಾಳೆ ಕಲಿಸಿ: ಸಮಾಂತರದ ಉತ್ತರ ಅತಿ ಚಿಕ್ಕ ರೋಧಕ್ಕಿಂತ ಕಡಿಮೆಯೇ ಇರಬೇಕು, ಅತಿ ಚಿಕ್ಕದರ ಅರ್ಧಕ್ಕಿಂತ ಕೆಳಗೆ ಹೋಗಬಾರದು. ಈ ಎರಡನೇ ಮಾತು ಎರಡೇ ರೋಧಕಗಳಿದ್ದಾಗ ಮಾತ್ರ ಸರಿ ಎಂಬುದನ್ನೂ ಹೇಳಿ. ಇಲ್ಲಿ 2ರಿಂದ 4ರ ನಡುವೆ ಉತ್ತರ ಬರಬೇಕು ಎಂದು ಗೊತ್ತಿರುವ ಮಗು ಮೂರನೇ ಒಂದರಲ್ಲಿ ನಿಲ್ಲುವುದಿಲ್ಲ.

ಹೆಚ್ಚು ಶ್ರಮ ಬೇಡುವುದು ಎರಡನೇ ಬಗೆ, ತಪ್ಪು ಕಲ್ಪನೆ ಕೂತಿರುವ ಅಂಶಗಳು. ಈ ಅಧ್ಯಾಯದಲ್ಲಿ ಅವುಗಳಿಗೆ ನಮ್ಮ ದಿನನಿತ್ಯದ ಮಾತೇ ನೀರೆರೆದಿದೆ. ‘ಕರೆಂಟ್ ಖರ್ಚಾಗುತ್ತೆ, ಫ್ಯಾನ್ ಆರಿಸು’, ‘ಈ ತಿಂಗಳು ಕರೆಂಟ್ ಬಿಲ್ ಜಾಸ್ತಿ ಬಂತು’, ‘ಗೀಸರ್ ಕರೆಂಟ್ ತಿನ್ನುತ್ತೆ’ ಎಂದು ಕೇಳಿಕೊಂಡೇ ಬೆಳೆದ ಮಗುವಿಗೆ ಪ್ರವಾಹ ಎಂದರೆ ಬಲ್ಬಿನೊಳಗೆ ಹೋಗಿ ಮುಗಿದುಹೋಗುವ ಪದಾರ್ಥ. ಬಲ್ಬಿನ ಈಚೆಗೆ ಎಷ್ಟು ಪ್ರವಾಹವೋ ಆಚೆಗೂ ಅಷ್ಟೇ ಎಂದು ಬೋರ್ಡಿನ ಮೇಲೆ ಬರೆದರೆ ಅದನ್ನು ಪರೀಕ್ಷೆಗೆ ಕಲಿಯುತ್ತದೆ, ನಂಬುವುದಿಲ್ಲ. ನಾವು ಹಣ ಕಟ್ಟುವುದು ಪ್ರವಾಹಕ್ಕಲ್ಲ, ಶಕ್ತಿಗೆ. ಬಿಲ್ಲಿನಲ್ಲಿರುವ ಒಂದು ಯೂನಿಟ್ ಅಂದರೆ ಒಂದು ಕಿಲೋವ್ಯಾಟ್ ಗಂಟೆ, 36 ಲಕ್ಷ ಜೌಲ್. ಮನೆಯ ಬಿಲ್ಲನ್ನೇ ತರಗತಿಗೆ ತರಿಸಿ ‘ಕರೆಂಟ್’ ಎಂಬ ಒಂದು ಮಾತಿನಡಿ ಪ್ರವಾಹ, ವಿಭವಾಂತರ (ವೋಲ್ಟೇಜ್), ಶಕ್ತಿ ಮೂರೂ ಅಡಗಿರುವುದನ್ನು ಬಿಡಿಸಿ ತೋರಿಸುವುದು ಈ ಅಧ್ಯಾಯದ ಅತ್ಯಂತ ಉಪಯುಕ್ತ ಹದಿನೈದು ನಿಮಿಷ.

ಇಂಥ ಅಂಶಗಳಿಗೆ ಊಹಿಸು, ನೋಡು, ವಿವರಿಸು ಎಂಬ ಕ್ರಮವೇ ಸರಿ. ಪ್ರಾತ್ಯಕ್ಷಿಕೆ ಮತ್ತು ಇದು ಒಂದೇ ಎಂದು ಹಲವರು ತಿಳಿದಿದ್ದಾರೆ. ಇವುಗಳ ಫಲಿತಾಂಶ ಬೇರೆಬೇರೆ ಎಂಬುದನ್ನು ಹಾರ್ವರ್ಡ್‌ನಲ್ಲಿ ಎರಿಕ್ ಮಜೂರ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. ಪ್ರಾತ್ಯಕ್ಷಿಕೆಯನ್ನು ಸುಮ್ಮನೆ ನೋಡಿದ ವಿದ್ಯಾರ್ಥಿಗಳು ಅದರ ಹಿಂದಿನ ಕಾರಣವನ್ನು ವಿವರಿಸುವುದರಲ್ಲಿ, ಅದನ್ನು ನೋಡೇ ಇಲ್ಲದವರಿಗಿಂತ ಹೇಳಿಕೊಳ್ಳುವಷ್ಟು ಮೇಲಿರಲಿಲ್ಲ. ನೋಡುವ ಮುಂಚೆ ಊಹೆ ಗುರುತುಮಾಡಿದವರು ಇಬ್ಬರಿಗಿಂತಲೂ ಮುಂದಿದ್ದರು. ಅದಕ್ಕೆ ಹಿಡಿದದ್ದು ಎರಡು ನಿಮಿಷ ಹೆಚ್ಚು ಸಮಯ, ಅಷ್ಟೇ.

ಮಾಡುವ ಬಗೆ ಹೀಗೆ. 2.5 ವೋಲ್ಟ್, 0.3 ಆಂಪಿಯರ್‌ನ ಟಾರ್ಚ್ ಬಲ್ಬ್ ಒಂದು, ಎರಡು ದೊಡ್ಡ ಟಾರ್ಚ್ ಸೆಲ್, ಪ್ಲಗ್ ಕೀ, 0–500 ಮಿಲಿಆಂಪಿಯರ್ ಅಮ್ಮೀಟರ್. ಬಲ್ಬ್ ಉರಿಯದಂತೆ ಕೀ ತೆಗೆದಿಟ್ಟು ಮಂಡಲ ತೋರಿಸಿ. ‘ಬಲ್ಬಿಗೆ ಮುಂಚೆ ಅಮ್ಮೀಟರ್ ಇಟ್ಟರೆ 280 ತೋರಿಸಿತು ಅನ್ನೋಣ, ಬಲ್ಬಿನ ನಂತರ ಇಟ್ಟರೆ ಹೆಚ್ಚೋ, ಕಡಿಮೆಯೋ, ಅಷ್ಟೆಯೋ?’ ಒಂದು ನಿಮಿಷ ಪೂರ್ತಿ ಮೌನ. ಪ್ರತಿಯೊಬ್ಬರೂ ಉತ್ತರವನ್ನೂ ಒಂದು ಸಾಲಿನ ಕಾರಣವನ್ನೂ ಪೆನ್ನಿನಿಂದಲೇ ಬರೆಯಬೇಕು, ಪೆನ್ಸಿಲಿನಿಂದ ಬರೆದರೆ ಆಮೇಲೆ ಅಳಿಸಿ ಸರಿಮಾಡಿಕೊಳ್ಳುತ್ತಾರೆ. ಕೈಯೆತ್ತಿಸಿ ಮೂರೂ ಉತ್ತರಗಳ ಎಣಿಕೆಯನ್ನು ಬೋರ್ಡಿನ ಮೇಲೆ ಬರೆಯಿರಿ. ಸರಿ ಉತ್ತರ ಕೊಟ್ಟವರು ಸುಮಾರು 30ರಿಂದ 70 ಶೇಕಡದೊಳಗಿದ್ದರೆ, ಬೇರೆ ಉತ್ತರ ಬರೆದ ಪಕ್ಕದವರನ್ನು ಒಪ್ಪಿಸಲು ಎರಡು ನಿಮಿಷ ಕೊಡಿ. ಅದಕ್ಕಿಂತ ಕಡಿಮೆ ಇದ್ದರೆ ಚರ್ಚೆಯಿಂದ ತಪ್ಪೇ ಬಲವಾಗುತ್ತದೆ, ನೇರವಾಗಿ ತೋರಿಸಿಬಿಡಿ. ಅಮ್ಮೀಟರ್ ಓದಲು ಮಕ್ಕಳಲ್ಲೇ ಇಬ್ಬರನ್ನು ಕರೆಯಿರಿ. ಓದಿದ ಮೇಲೆ, ‘ಕಡಿಮೆ’ ಎಂದು ಬರೆದಿದ್ದ ಮಗುವಿನಿಂದಲೇ ವಿವರಣೆ ಶುರುವಾಗಲಿ. ಕೊನೆಗೆ ಮೂರು ನಿಮಿಷ, ಪಠ್ಯದ ಪಾರಿಭಾಷಿಕ ಪದಗಳನ್ನೇ ಬಳಸಿ ಎರಡು ವಾಕ್ಯದ ಉತ್ತರ. ಪರೀಕ್ಷೆಯ ಚಿಂತೆಗೆ ಉತ್ತರ ಈ ಮೂರು ನಿಮಿಷದಲ್ಲಿದೆ. ಬಹಳ ಜನ ಬಿಟ್ಟುಬಿಡುವುದೂ ಇದನ್ನೇ. ಒಟ್ಟು 14 ನಿಮಿಷ ಸಾಕು.

ಇದು ಕೆಡುವುದು ಹೆಚ್ಚಾಗಿ ಉಪಕರಣದಿಂದ. ಬಲ್ಬಿನ ಎರಡೂ ಬದಿಗೆ ಎರಡು ಅಮ್ಮೀಟರ್ ಹಾಕಿ ತೋರಿಸುವ ಆಸೆ ಸಹಜ. ಶಾಲೆಯ ಎರಡು ಅಮ್ಮೀಟರ್ ಒಂದೇ ಪ್ರವಾಹಕ್ಕೆ ಒಂದೇ ಓದು ತೋರಿಸುವುದು ಅಪರೂಪ. ಒಂದರಲ್ಲಿ 280, ಇನ್ನೊಂದರಲ್ಲಿ 260 ಬಂದರೆ ‘ನೋಡಿ ಮಿಸ್, ಬಲ್ಬ್ ತಿಂದಿದೆ’ ಎಂದು ಇಡೀ ತರಗತಿ ಗೆಲ್ಲುತ್ತದೆ. ಆಗ ‘ಅದು ಮೀಟರಿನ ದೋಷ’ ಎಂದರೆ ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಆದ್ದರಿಂದ ಒಂದೇ ಅಮ್ಮೀಟರನ್ನು ಜಾಗ ಬದಲಾಯಿಸಿ ಇಡಿ. ಎರಡನ್ನು ಹಾಕಲೇಬೇಕಾದರೆ ಮುಳ್ಳು ಸೊನ್ನೆಯಲ್ಲಿದೆಯೇ ನೋಡಿಕೊಂಡು, ಓದಿದ ಮೇಲೆ ಎರಡನ್ನೂ ಅದಲುಬದಲು ಮಾಡಿ: ಕಡಿಮೆ ತೋರಿಸುವ ಮೀಟರ್ ಈಚೆಗೆ ಬಂದಾಗಲೂ ಕಡಿಮೆಯನ್ನೇ ತೋರಿಸಿದರೆ ಮಕ್ಕಳಿಗೆ ತಾನಾಗಿ ಅರ್ಥವಾಗುತ್ತದೆ. ಇದು ಸಣ್ಣ ಅನ್ವೇಷಣೆಯೂ ಹೌದು.

ಸರಣಿಯಲ್ಲಿ ಎರಡು ಬಲ್ಬಿನ ಪ್ರಯೋಗಕ್ಕೂ ಇಂಥದೇ ಕಾಟ. ಒಂದೇ ಅಂಕಿ ಬರೆದಿರುವ ಎರಡು ಬಲ್ಬುಗಳು ಒಂದೇ ಸಮನೆ ಉರಿಯದಿರಬಹುದು. ಹಿಂದಿನ ದಿನವೇ ಹತ್ತು ಬಲ್ಬಿನಲ್ಲಿ ಸಮನಾಗಿ ಉರಿಯುವ ಜೋಡಿ ಆರಿಸಿ, ಅವಕ್ಕೆ ಬಣ್ಣದ ಗುರುತು ಹಾಕಿ ಬೇರೆ ಡಬ್ಬಿಯಲ್ಲಿಡಿ. ಸಮಾಂತರದಲ್ಲಿ ಎರಡನೇ ಬಲ್ಬ್ ಸೇರಿಸಿದಾಗ ಮೊದಲನೆಯದರ ಪ್ರಕಾಶ ಬದಲಾಗಬಾರದು. ಆದರೆ ಹಳೆಯ ಸೆಲ್ ಆದರೆ ಅದರ ಒಳಗಿನ ರೋಧದಿಂದಾಗಿ ಎರಡೂ ಮಂಕಾಗುತ್ತವೆ, ‘ಹಂಚಿಕೊಂಡವು’ ಎಂಬ ತಪ್ಪು ಕಲ್ಪನೆ ಅಲ್ಲೇ ಬೇರೂರುತ್ತದೆ. ಹೊಸ ಆಲ್ಕಲೈನ್ ಸೆಲ್ ಬಳಸಿ, ಇಲ್ಲವೇ ಒಂದು ಆಂಪಿಯರ್‌ಗಿಂತ ಹೆಚ್ಚು ಕೊಡಬಲ್ಲ ರೆಗ್ಯುಲೇಟೆಡ್ ಎಲಿಮಿನೇಟರ್ (ಸೆಲ್ಲಿನ ಬದಲು ಬಳಸುವ ಸಾಧನ). ಎರಡು ಬಲ್ಬಿನ ಒಟ್ಟು ಪ್ರವಾಹ ಸುಮಾರು 600 ಮಿಲಿಆಂಪಿಯರ್ ಆಗುವುದರಿಂದ 500ರ ಅಮ್ಮೀಟರನ್ನು ಮುಖ್ಯ ತಂತಿಯಲ್ಲಿ ಹಾಕಬೇಡಿ, ಕವಲಿನಲ್ಲಿ ಮಾತ್ರ ಹಾಕಿ. ಫಿಲಮೆಂಟ್ ಬಲ್ಬ್ ಸಿಗಲಿಲ್ಲ ಎಂದು ಎಲ್ಇಡಿ ಹಾಕಿದರೆ ಇಡೀ ಪಾಠ ದಾರಿ ತಪ್ಪುತ್ತದೆ: ಅದು ಒಂದೇ ದಿಕ್ಕಿನಲ್ಲಿ ಉರಿಯುತ್ತದೆ, ಒಂದು ಮಟ್ಟದ ವೋಲ್ಟ್ ಬರುವ ತನಕ ಹೊತ್ತಿಕೊಳ್ಳುವುದೇ ಇಲ್ಲ, ವೋಲ್ಟ್ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಪ್ರವಾಹವೂ ಹೆಚ್ಚುತ್ತದೆ ಎನ್ನುವ ಓಮನ ನಿಯಮಕ್ಕೆ ಒಗ್ಗುವುದೂ ಇಲ್ಲ.

ಮೂರನೆಯದು ಕೈಗೆ ಕೊಡಬೇಕಾದ ಕೆಲಸ, ಓಮನ ನಿಯಮದ ಪ್ರಯೋಗ. ಪಠ್ಯದಲ್ಲಿ ಅರ್ಧ ಮೀಟರ್ ನೈಕ್ರೋಮ್ ತಂತಿ, 1.5 ವೋಲ್ಟಿನ ನಾಲ್ಕು ಸೆಲ್ ಎಂದಿದೆ. ತಂತಿಯ ಗೇಜು (ದಪ್ಪದ ಅಂಕಿ, ಅದು ಹೆಚ್ಚಾದಷ್ಟೂ ತಂತಿ ತೆಳು) ನೋಡದೆ ತಂದರೆ ತೊಂದರೆ. 28 ಗೇಜಿನ ಅರ್ಧ ಮೀಟರಿಗೆ ರೋಧ ಸುಮಾರು 5 ಓಮ್. ನಾಲ್ಕು ಸೆಲ್ ಹಾಕಿದರೆ ಲೆಕ್ಕದಂತೆ ಒಂದು ಆಂಪಿಯರ್ ದಾಟಬೇಕು. ಮುಳ್ಳು ಅಳತೆಯ ತುದಿಗೆ ಬಡಿಯುತ್ತದೆ, ಸೆಲ್ ಬೇಗ ಕುಸಿಯುತ್ತದೆ, ತಂತಿ ಬಿಸಿಯಾಗುತ್ತದೆ. 36 ಗೇಜಿನದಾದರೆ ಅರ್ಧ ಮೀಟರಿಗೆ ಸುಮಾರು 19 ಓಮ್. ಒಂದು ಸೆಲ್ಲಿಗೆ ಹತ್ತಿರಹತ್ತಿರ 80, ನಾಲ್ಕಕ್ಕೆ 300ರ ಆಸುಪಾಸು ಮಿಲಿಆಂಪಿಯರ್. ನಾಲ್ಕೂ ಓದು 0–500ರ ಅಳತೆಯೊಳಗೆ ನೀಟಾಗಿ ಹರಡಿಕೊಳ್ಳುತ್ತವೆ. ವೋಲ್ಟ್‌ಮೀಟರ್ 0–10ರದ್ದಿರಬೇಕು. 0–3ರದ್ದೇ ಇದ್ದರೆ ಎರಡೇ ಸೆಲ್ ಹಾಕಿ, ರೋಧವನ್ನು ಹೆಚ್ಚುಕಡಿಮೆ ಮಾಡುವ ರಿಯೋಸ್ಟಾಟಿನಿಂದ ನಾಲ್ಕು ಓದು ಪಡೆಯಿರಿ. ಡಿಜಿಟಲ್ ಮಲ್ಟಿಮೀಟರ್ ಬಳಸುವುದಾದರೆ ಪ್ರವಾಹಕ್ಕೆ 10 ಆಂಪಿಯರ್ ಸಾಕೆಟನ್ನೇ ಬಳಸಿ, ಮಿಲಿಆಂಪಿಯರ್ ಸಾಕೆಟ್ಟಿನ ಫ್ಯೂಸ್ ಮೊದಲ ದಿನವೇ ಸುಡುವುದು ಖಚಿತ.

48 ಮಕ್ಕಳು, ನಾಲ್ಕು ಸೆಟ್ ಎಂದರೆ ಗುಂಪಿಗೆ ಹನ್ನೆರಡು ಜನ. ಅದರಲ್ಲಿ ಮೂವರು ಪ್ರಯೋಗ ಮಾಡುತ್ತಾರೆ, ಇಬ್ಬರು ನೋಡುತ್ತಾರೆ, ಏಳು ಜನ ಮಾತಾಡುತ್ತಾರೆ. ಗುಂಪು ಪ್ರಯೋಗದಿಂದ ಏನೂ ಬರುವುದಿಲ್ಲ ಎಂಬ ಮಾತು ಹುಟ್ಟಿದ್ದು ಹೀಗೆಯೇ. ತರಗತಿಯನ್ನು ಎರಡು ಭಾಗ ಮಾಡಿ, ಎರಡು ದಿನ ತೆಗೆದುಕೊಳ್ಳಿ. ಮೊದಲ ದಿನ 24 ಮಕ್ಕಳು ಆರಾರು ಜನರ ನಾಲ್ಕು ಗುಂಪಾಗಿ ಪ್ರಯೋಗ ಮಾಡಲಿ. ಉಳಿದ 24 ಜನ ಅದೇ ಕೋಣೆಯಲ್ಲಿ ನೀವು ಕೊಟ್ಟ ಓದುಗಳಿಂದ ಗ್ರಾಫ್ ಎಳೆಯಲಿ. ಮರುದಿನ ಅದಲುಬದಲು. ಗ್ರಾಫಿಗೆ ಕೊಡುವ ಅಂಕಿಗಳು ತೀರಾ ನಯವಾಗಿರಬಾರದು. 1.4 ವೋಲ್ಟಿಗೆ 70, 2.8ಕ್ಕೆ 150, 4.2ಕ್ಕೆ 220, 5.5ಕ್ಕೆ 290 ಮಿಲಿಆಂಪಿಯರ್ ಎಂದು ಕೊಡಿ. ಬಿಂದುಗಳನ್ನು ಚುಕ್ಕಿ ಸೇರಿಸಿದ ಹಾಗೆ ಅಂಕುಡೊಂಕಾಗಿ ಸೇರಿಸದೆ, ಎಲ್ಲಕ್ಕೂ ಹತ್ತಿರ ಹಾಯುವ ಒಂದೇ ನೇರ ಗೆರೆ ಎಳೆಯಬೇಕು ಎಂಬುದು ಇಂಥ ಅಂಕಿಗಳಿಂದ ಮಾತ್ರ ಕಲಿಸಲು ಸಾಧ್ಯ. ಪ್ರವಾಹವನ್ನು ಆಂಪಿಯರ್‌ಗೆ ತಂದು ಅಡ್ಡ ಅಕ್ಷದಲ್ಲಿಟ್ಟರೆ ಗೆರೆಯ ಇಳಿಜಾರೇ ರೋಧ. ಮಿಲಿಆಂಪಿಯರ್‌ನಲ್ಲೇ ಭಾಗಿಸಿ 0.019 ಓಮ್ ಎಂದು ಬರೆಯುವ ಮಕ್ಕಳು ಹತ್ತರಲ್ಲಿ ಮೂವರಾದರೂ ಇರುತ್ತಾರೆಂದು ಎಣಿಸಿಕೊಂಡೇ ತಯಾರಾಗಿ ಹೋಗಿ.

ಗುಂಪಿನ ಆರು ಜನರಿಗೆ ಕೆಲಸ ಹಂಚಿ: ಇಬ್ಬರು ಜೋಡಣೆ, ಒಬ್ಬರು ಅಮ್ಮೀಟರ್, ಒಬ್ಬರು ವೋಲ್ಟ್‌ಮೀಟರ್, ಒಬ್ಬರು ಬರವಣಿಗೆ, ಒಬ್ಬರು ತಪಾಸಣೆ. ತಪಾಸಣೆಯ ಮಗು ಕೀ ಹಾಕುವ ಮುಂಚೆ ಸೆಲ್ಲಿನ ಧನಾಗ್ರದಿಂದ ಬೆರಳಿಟ್ಟು ತಂತಿಗುಂಟ ಋಣಾಗ್ರದವರೆಗೆ ಸಾಗಿ ದಾರಿ ತೋರಿಸಬೇಕು. ಅದು ಮುಗಿಯದೆ ಕೀ ಹಾಕುವಂತಿಲ್ಲ. ಅಮ್ಮೀಟರನ್ನು ಸೆಲ್ಲಿಗೆ ಸಮಾಂತರವಾಗಿ ಹಾಕಿ ಅದರ ಸುರುಳಿ ಸುಡುವ ಅನಾಹುತ ಈ ಒಂದು ನಿಯಮದಿಂದ ತಪ್ಪುತ್ತದೆ. ಸೆಲ್ ಒಂದೊಂದಾಗಿ ಹೆಚ್ಚಿಸುವಾಗ ಕೆಲಸವೂ ಬದಲಾಗಲಿ. ಓದು ಬರೆದ ಕೂಡಲೇ ಕೀ ತೆಗೆಯಬೇಕು. ಮುಳ್ಳು ನಡುಗುತ್ತಿದ್ದರೆ ಜೋಡಣೆ ಸಡಿಲವಾಗಿರಬಹುದು, ಇಲ್ಲವೇ ತಂತಿಯ ಮೇಲಿನ ಇನಾಮಲ್ ಪೂರ್ತಿ ಕೆರೆದಿಲ್ಲದಿರಬಹುದು, ಮರಳು ಕಾಗದದಿಂದ ತುದಿ ಉಜ್ಜಿಸಿ.

ಇಲ್ಲಿ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಸಾಮಾನು ಕೊಟ್ಟು, ಏನು ಸಂಬಂಧ ಇದೆಯೋ ನೀವೇ ಕಂಡುಹಿಡಿಯಿರಿ ಎಂದು ಬಿಡುವ ಮುಕ್ತ ಅನ್ವೇಷಣೆಗೆ ಓಮನ ನಿಯಮ ಸರಿಯಾದ ವಿಷಯವಲ್ಲ. ಸಡಿಲ ಜೋಡಣೆ, ಕುಸಿಯುವ ಸೆಲ್, ಮೀಟರ್ ಓದುವ ತಪ್ಪು ಇವುಗಳ ನಡುವೆ 40 ನಿಮಿಷದಲ್ಲಿ ಮಕ್ಕಳಿಗೆ ನಿಯಮ ಕಾಣುವುದಿಲ್ಲ. ಏನನ್ನು ಬದಲಾಯಿಸಬೇಕು, ಏನನ್ನು ಅಳೆಯಬೇಕು ಎಂದು ಹೇಳಿಯೇ ಕೊಡಿ. ಅನ್ವೇಷಣೆಯನ್ನು ಆಮೇಲಕ್ಕೆ ಇಟ್ಟುಕೊಳ್ಳಿ. ನಿಯಮ ಗೊತ್ತಾದ ಮೇಲೆ ನೈಕ್ರೋಮ್ ತೆಗೆದು ಟಾರ್ಚ್ ಬಲ್ಬ್ ಹಾಕಿ ಇದೇ ಪ್ರಯೋಗ ಮಾಡಲಿ. ಬಲ್ಬ್ ಸುಡದಂತೆ ಸೆಲ್ ಎರಡಕ್ಕಿಂತ ಹೆಚ್ಚು ಬೇಡ, ರಿಯೋಸ್ಟಾಟ್ ಇರಲಿ. ಗೆರೆ ನೇರ ಬರುವುದಿಲ್ಲ, ಬಾಗುತ್ತದೆ. ಉರಿಯುವ ಫಿಲಮೆಂಟಿನ ರೋಧ ತಣ್ಣಗಿದ್ದಾಗಿನದಕ್ಕಿಂತ ಹಲವು ಪಟ್ಟು ಹೆಚ್ಚಿರುವುದೇ ಕಾರಣ. ‘ಯಾಕೆ ಬಾಗಿತು?’ ಎಂಬ ಪ್ರಶ್ನೆಗೆ ಉತ್ತರ ಹುಡುಕುವಷ್ಟು ತಿಳಿವಳಿಕೆ ಆಗ ಅವರಲ್ಲಿ ಇರುತ್ತದೆ. ಅನ್ವೇಷಣೆಗೆ ಬೇಕಾದ ಬಂಡವಾಳ ಅದೇ.

ಕಣ್ಣಿಗೆ ಕಾಣದ ಸಂಗತಿಗೆ ಹೋಲಿಕೆ ಬೇಕಾಗುತ್ತದೆ. ನೀರಿನ ಟ್ಯಾಂಕು, ಪೈಪಿನ ಹೋಲಿಕೆ ಎಲ್ಲರೂ ಬಳಸುವುದೇ. ಆದರೆ ಪೈಪು ತುಂಡಾದರೆ ನೀರು ಹೊರಗೆ ಸುರಿಯುತ್ತದೆ, ತಂತಿ ತುಂಡಾದರೆ ಪ್ರವಾಹ ನಿಲ್ಲುತ್ತದೆ. ಈ ವ್ಯತ್ಯಾಸ ಹೇಳದಿದ್ದರೆ ತೆರೆದ ಸಾಕೆಟ್ಟಿನಿಂದ ಕರೆಂಟ್ ಸೋರುತ್ತದೆ ಎಂದು ನಂಬುವ ಮಕ್ಕಳಿದ್ದಾರೆ. ಇದಕ್ಕಿಂತ ಹಗ್ಗದ ಕುಣಿಕೆ ಮೇಲು. ಹತ್ತು ಮೀಟರ್ ನಯವಾದ ಹಗ್ಗದ ಎರಡು ತುದಿ ಸೇರಿಸಿ ಕಟ್ಟಿ, ಹದಿನೈದು ಮಕ್ಕಳು ಸುತ್ತ ನಿಂತು ಅದನ್ನು ಸಡಿಲವಾಗಿ ಹಿಡಿಯಲಿ. ನೀವು ಒಂದು ಕಡೆಯಿಂದ ಎಳೆದು ಇನ್ನೊಂದು ಕಡೆ ಬಿಡುತ್ತ ಹೋದರೆ ಹಗ್ಗ ಇಡೀ ಸುತ್ತಿನಲ್ಲಿ ಒಟ್ಟಿಗೇ ಚಲಿಸುತ್ತದೆ, ನೀವೇ ಬ್ಯಾಟರಿ. ಒಂದು ಮಗು ಸ್ವಲ್ಪ ಬಿಗಿಯಾಗಿ ಹಿಡಿದರೆ ಎಲ್ಲ ಕಡೆಯೂ ವೇಗ ಕಡಿಮೆಯಾಗುತ್ತದೆ, ಆ ಮಗುವಿನ ಅಂಗೈ ಬೆಚ್ಚಗಾಗುತ್ತದೆ. ಹಗ್ಗ ಖರ್ಚಾಗಲಿಲ್ಲ, ಶಕ್ತಿ ಮಾತ್ರ ವರ್ಗವಾಯಿತು. ಸಮಾಂತರ ಜೋಡಣೆಯನ್ನು ಒಂದು ಹಗ್ಗದಿಂದ ತೋರಿಸಲು ಆಗದು, ಅಲ್ಲಿಗೆ ಇದನ್ನು ಎಳೆಯಬೇಡಿ.

ಸ್ಮಾರ್ಟ್ ಬೋರ್ಡ್ ಇದ್ದರೆ ವಿಡಿಯೊಕ್ಕಿಂತ ಅನುಕರಣ ತಂತ್ರಾಂಶ ಒಳ್ಳೆಯದು. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಇದಕ್ಕೆ ಉಚಿತವಾಗಿ ಸಿಗುತ್ತದೆ, ಮಂಡಲ ಕಟ್ಟುತ್ತ ಹೋದಂತೆ ಇಲೆಕ್ಟ್ರಾನುಗಳ ಚಲನೆ ಪರದೆಯ ಮೇಲೆ ಕಾಣುತ್ತದೆ. ಆದರೆ ಅಲ್ಲಿ ಸೆಲ್ ಕುಸಿಯುವುದಿಲ್ಲ, ಜೋಡಣೆ ಸಡಿಲವಾಗುವುದಿಲ್ಲ. ನಿಜವಾದ ಮಂಡಲ ಮುಟ್ಟಿದ ಮೇಲೆ ಅದನ್ನು ತೋರಿಸಿ, ಮುಂಚೆ ಬೇಡ. ವಿಡಿಯೊ ಹಾಕಲೇಬೇಕಾದರೆ ನಾಲ್ಕು ನಿಮಿಷ ಮೀರದಿರಲಿ, ಫಲಿತಾಂಶ ಬರುವ ಕ್ಷಣಕ್ಕೆ ಸರಿಯಾಗಿ ನಿಲ್ಲಿಸಿ ಊಹೆ ಬರೆಸಿ.

5ಇ ಮಾದರಿಯ ಬಗ್ಗೆ. ತೊಡಗಿಸುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂಬ ಈ ಐದು ಹಂತಗಳನ್ನು 1980ರ ದಶಕದಲ್ಲಿ ರಾಜರ್ ಬೈಬಿ ಮತ್ತು ಸಂಗಡಿಗರು ರೂಪಿಸಿದ್ದು ಎರಡು ಮೂರು ವಾರಗಳ ಒಂದು ಘಟಕಕ್ಕೆ. ಒಂದೊಂದು ಹಂತಕ್ಕೂ ಒಂದು ಪೀರಿಯಡ್ಡೋ ಅದಕ್ಕಿಂತ ಹೆಚ್ಚೋ ಬೇಕು. ಐದನ್ನೂ 40 ನಿಮಿಷಕ್ಕೆ ತುರುಕಿದಾಗ ಅನ್ವೇಷಣೆಗೆ ಆರು ನಿಮಿಷ ಉಳಿಯುತ್ತದೆ, ಅದು ಪಾಠಯೋಜನೆಯ ಪುಸ್ತಕದಲ್ಲಿ ಮಾತ್ರ ನಡೆಯುತ್ತದೆ. ಅಧ್ಯಾಯಕ್ಕೆ ಹನ್ನೆರಡು ಪೀರಿಯಡ್ ಸಿಕ್ಕರೆ ಹೀಗೆ ಹಂಚಬಹುದು: ಬಿಲ್ಲು, ಹಗ್ಗ ಮತ್ತು ಪೂರ್ವ ಪರೀಕ್ಷೆಗೆ ಒಂದು, ಚಿಹ್ನೆ ಮತ್ತು ಮಾನಗಳಿಗೆ ಒಂದು, ಬಲ್ಬಿನ ಈಚೆ ಆಚೆಯ ಪ್ರವಾಹಕ್ಕೆ ಒಂದು, ಓಮನ ನಿಯಮಕ್ಕೆ ಎರಡು, ರೋಧ ಮತ್ತು ರೋಧಶೀಲತೆಗೆ ಒಂದು, ಸರಣಿ ಮತ್ತು ಸಮಾಂತರಕ್ಕೆ ಊಹಿಸಿ ನೋಡುವ ಕ್ರಮದಲ್ಲಿ ಎರಡು, ಲೆಕ್ಕಗಳಿಗೆ ಎರಡು, ಉಷ್ಣ ಪರಿಣಾಮ ಮತ್ತು ಸಾಮರ್ಥ್ಯಕ್ಕೆ ಒಂದು, ಬರವಣಿಗೆ ಮತ್ತು ಕಿರುಪರೀಕ್ಷೆಗೆ ಒಂದು. ಇಡೀ ಅಧ್ಯಾಯವೇ ಆಗ 5ಇ ಆಗಿರುತ್ತದೆ.

ಉಷ್ಣ ಪರಿಣಾಮದ ಪೀರಿಯಡ್ಡಿಗೆ ಒಂದು ಒಳ್ಳೆಯ ಪ್ರಶ್ನೆ: 230 ವೋಲ್ಟಿನ 60 ವ್ಯಾಟ್ ಮತ್ತು 100 ವ್ಯಾಟ್ ಬಲ್ಬುಗಳನ್ನು ಸರಣಿಯಲ್ಲಿ ಹಾಕಿದರೆ ಯಾವುದು ಹೆಚ್ಚು ಬೆಳಗುತ್ತದೆ? ಬಹುತೇಕ ಎಲ್ಲರೂ 100 ಅನ್ನುತ್ತಾರೆ. ಸರಿಯಾದುದು 60. ಅದರ ರೋಧ ಸುಮಾರು 882 ಓಮ್, ಇನ್ನೊಂದರದು 529, ಎರಡರಲ್ಲೂ ಹರಿಯುವ ಪ್ರವಾಹ ಒಂದೇ. ರೋಧ ಹೆಚ್ಚಾದರೆ ಉಷ್ಣ ಹೆಚ್ಚೋ ಕಡಿಮೆಯೋ ಎಂಬ ಮಕ್ಕಳ ಗೊಂದಲ ಇಲ್ಲೇ ಬಗೆಹರಿಯಬೇಕು: ಪ್ರವಾಹ ಸಮವಾಗಿದ್ದರೆ ಹೆಚ್ಚು, ವಿಭವಾಂತರ ಸಮವಾಗಿದ್ದರೆ ಕಡಿಮೆ. ಇದನ್ನು ಮನೆಯ ವಿದ್ಯುತ್ತಿನಲ್ಲಿ ಮಾಡಿ ತೋರಿಸಲು ಹೋಗಬೇಡಿ, ಲೆಕ್ಕದಲ್ಲೇ ಸಾಕು.

ಬೇರೆ ಅಧ್ಯಾಯಗಳಿಗೂ ಅದೇ ಮೂರು ಪ್ರಶ್ನೆ ಹಾಕಿ. ಆಮ್ಲ, ಪ್ರತ್ಯಾಮ್ಲಗಳಲ್ಲಿ ಅರಿಸಿನ, ದಾಸವಾಳದ ರಸ ಇಟ್ಟುಕೊಂಡು ಅನ್ವೇಷಣೆ ಸೊಗಸಾಗಿ ನಡೆಯುತ್ತದೆ, ಸಮೀಕರಣ ಸರಿದೂಗಿಸುವುದನ್ನು ಮಾತ್ರ ಹೇಳಿಯೇ ಕೊಡಬೇಕು. ಎಲೆಯಲ್ಲಿ ಪಿಷ್ಟ ಪರೀಕ್ಷೆಯನ್ನು ಮಕ್ಕಳ ಕೈಗೆ ಕೊಡಬೇಡಿ. ಆಲ್ಕೋಹಾಲನ್ನು ಯಾವತ್ತೂ ನೇರ ಉರಿಯ ಮೇಲಿಡದೆ ಬಿಸಿನೀರಿನ ಪಾತ್ರೆಯಲ್ಲಿಟ್ಟು ನೀವೇ ತೋರಿಸಿ, ಯಾವ ಭಾಗ ನೀಲಿಗಪ್ಪಾಗುತ್ತದೆ ಎಂದು ಮುಂಚೆ ಎಲೆಯ ಚಿತ್ರದಲ್ಲಿ ಗುರುತು ಹಾಕಿಸಿ. ಅನುವಂಶೀಯತೆಯಲ್ಲಿ ಎರಡು ಬಣ್ಣದ ಮಣಿಗಳಿಂದ ಮೆಂಡೆಲನ 3:1 ತೋರಿಸುವಾಗ ಒಂದು ಗುಂಪಿನ ಎಂಟು ಹತ್ತು ಆಯ್ಕೆಗೆ ಆ ಅನುಪಾತ ಬರದೇ ಹೋಗಬಹುದು, ಇಡೀ ತರಗತಿಯ ಇನ್ನೂರು ಮುನ್ನೂರು ಆಯ್ಕೆ ಕೂಡಿಸಿದರೆ ಹತ್ತಿರ ಬರುತ್ತದೆ.

ಮಕ್ಕಳೇ ಮಾಡಿ ಕಲಿಯುವ ಕ್ರಮ ನಮ್ಮಲ್ಲಿ ಆಗುವುದಿಲ್ಲ ಎನ್ನುವವರಿಗೆ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಕಾರ್ಯಕ್ರಮ ನೆನಪಿಸಬೇಕು. 1972ರಲ್ಲಿ 16 ಗ್ರಾಮೀಣ ಮಾಧ್ಯಮಿಕ ಶಾಲೆಗಳಲ್ಲಿ ಶುರುವಾಗಿ 2002ರವರೆಗೆ, ಸರ್ಕಾರಿ ಶಾಲೆಗಳಲ್ಲೇ ನಡೆಯಿತು. ಅದು ಮೂವತ್ತು ವರ್ಷ ನಿಂತಿದ್ದು ವಿಧಾನ ಒಂದರಿಂದಲ್ಲ. ಪ್ರಯೋಗದ ಕಿಟ್, ಶಿಕ್ಷಕರ ನಿಯಮಿತ ಸಭೆ, ಪುಸ್ತಕ ತೆರೆದಿಟ್ಟುಕೊಂಡು ಬರೆಯುವ ಪರೀಕ್ಷೆ, ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದ್ದರು. ನಿಮ್ಮ ಕೈಯಲ್ಲಿ ಪರೀಕ್ಷೆ ಇಲ್ಲ. ಪ್ರತಿ ಪ್ರಯೋಗದ ಕೊನೆಗೆ ಬರವಣಿಗೆಗೆ ಸಮಯ ಇಡಿ ಎಂದು ಒತ್ತಿ ಹೇಳುವುದು ಅದಕ್ಕೇ.

ಬಿಡಬಹುದಾದದ್ದು ನೋಟ್ಸ್ ಹೇಳಿ ಬರೆಸುವುದು. ಪಠ್ಯದಲ್ಲಿರುವುದನ್ನೇ ಮತ್ತೆ ಬರೆಸುವ ಸಮಯ ಉಳಿಸಿದರೆ ಮೇಲಿನ ಎಲ್ಲಕ್ಕೂ ಜಾಗ ಸಿಗುತ್ತದೆ.

ಇಷ್ಟೆಲ್ಲ ಮಾಡಿ ಫಲ ಬಂತೋ ಇಲ್ಲವೋ ನೀವೇ ಅಳೆಯಬಹುದು. ಲೆಕ್ಕವಿಲ್ಲದ, ಕಲ್ಪನೆಯನ್ನು ಮಾತ್ರ ಪರೀಕ್ಷಿಸುವ ಆರು ಪ್ರಶ್ನೆ ತಯಾರಿಸಿ: ಬಲ್ಬಿನ ಆಚೆಯ ಪ್ರವಾಹ, ಸರಣಿಯಲ್ಲಿ ಒಂದು ಬಲ್ಬ್ ಕಳಚಿದರೆ ಏನಾಗುತ್ತದೆ, ಸಮಾಂತರದಲ್ಲಿ ಒಂದು ಸೇರಿಸಿದರೆ ಮೊದಲನೆಯದು ಏನಾಗುತ್ತದೆ, ತಂತಿ ಎರಡು ಪಟ್ಟು ಉದ್ದವಾದರೆ, ಎರಡು ಪಟ್ಟು ದಪ್ಪವಾದರೆ, 60 ಮತ್ತು 100 ವ್ಯಾಟ್. ದಪ್ಪ ಅಂದರೆ ವ್ಯಾಸವೋ ವಿಸ್ತೀರ್ಣವೋ ಎಂದು ಸ್ಪಷ್ಟವಾಗಿ ಬರೆಯಿರಿ, ವ್ಯಾಸ ಎರಡು ಪಟ್ಟಾದರೆ ರೋಧ ಕಾಲು ಭಾಗಕ್ಕೆ ಇಳಿಯುತ್ತದೆ. ಅಧ್ಯಾಯಕ್ಕೆ ಮುಂಚೆ ಒಮ್ಮೆ, ಮುಗಿದು ಮೂರು ವಾರದ ಮೇಲೆ ಒಮ್ಮೆ ಇದೇ ಪ್ರಶ್ನೆಗಳನ್ನು ಕೊಡಿ. ಮೊದಲ ಸಲದ ಉತ್ತರಗಳನ್ನು ಹೇಳಬೇಡಿ, ಹಾಳೆ ಹಿಂದೆ ಕೊಡಬೇಡಿ. ಮೊದಲು ಸರಾಸರಿ 30 ಶೇಕಡ, ಆಮೇಲೆ 58 ಬಂದರೆ ಏರಿಕೆ 28. ಏರಲು ಇದ್ದ ಅವಕಾಶ 70. 28ನ್ನು 70ರಿಂದ ಭಾಗಿಸಿದರೆ 0.4. ಹೇಕ್ ಬಳಸಿದ ಅಳತೆ ಇದೇ. ಎರಡು ಸೆಕ್ಷನ್ ಇದ್ದು ಒಂದರಲ್ಲಿ ಹಳೆಯ ಕ್ರಮ, ಇನ್ನೊಂದರಲ್ಲಿ ಹೊಸದು ಹಿಡಿದು ಹೋಲಿಸಲು ಬಯಸಿದರೆ ಎರಡಕ್ಕೂ ಪೀರಿಯಡ್ಡುಗಳ ಸಂಖ್ಯೆ ಒಂದೇ ಇರಬೇಕು. ಒಂದಕ್ಕೆ ಹನ್ನೆರಡು, ಇನ್ನೊಂದಕ್ಕೆ ಎಂಟು ಕೊಟ್ಟರೆ ನೀವು ಹೋಲಿಸಿದ್ದು ಸಮಯವನ್ನು. ಪ್ರಶ್ನೆವಾರು ಎಣಿಕೆಯನ್ನೂ ಬರೆದಿಡಿ. ಬಲ್ಬಿನ ಪ್ರಶ್ನೆಯಲ್ಲಿ ಏರಿಕೆ ಇದ್ದು ಸಮಾಂತರದ ಪ್ರಶ್ನೆಯಲ್ಲಿ ಇಲ್ಲದಿದ್ದರೆ, ವಿಧಾನವನ್ನು ದೂರುವ ಮುಂಚೆ ಆ ದಿನ ಬಳಸಿದ ಸೆಲ್ಲುಗಳನ್ನು ತೆಗೆದು ವೋಲ್ಟ್‌ಮೀಟರಿನಲ್ಲಿ ನೋಡಿ, ಎರಡು ಬಲ್ಬ್ ಉರಿಯುತ್ತಿರುವಾಗಲೇ.